ಹಿತ್ತಲಿನ ಇರುಳು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕಟ್ಟಿದವರು ಮೃಗಗಳನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಏನೋ ತಿಳಿಯದು. ವನ್ಯಮೃಗವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನಾಗರಹೊಳೆಯ ಹುಲಿ, ಬಂಡೀಪುರದ ಆನೆ. ಅವುಗಳ ದರ್ಶನವಾಗಬೇಕಾದರೆ ರಜೆ ಪಡೆಯಬೇಕು, ಜೀಪು ಹತ್ತಬೇಕು, ಬೆಳಗಿನ ಚಳಿಯಲ್ಲಿ ನಡುಗುತ್ತ ಕಾಯಬೇಕು. ಇಷ್ಟೆಲ್ಲ ಪ್ರಯಾಸವಿಲ್ಲದೆ ಕಾಣಸಿಕ್ಕುವ ಪ್ರಾಣಿಗೆ ವನ್ಯವೆಂಬ ಬಿರುದನ್ನು ಕೊಡಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಬಚ್ಚಲ ಹಿಂದೆ ಸರಕ್ಕನೆ ಹರಿದುಹೋದ ಮುಂಗುಸಿಯನ್ನು ಕಂಡು ಶುಭಶಕುನವೆಂದು ಸಂತೋಷಪಡುತ್ತೇವೆಯೇ ಹೊರತು, ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು, ಅದರ ಸಂಸಾರವೆಲ್ಲಿ ಎಂದು ವಿಚಾರಿಸುವವರು ವಿರಳ. ಸಾಕಿದ ನಾಯಿಯಂತೆ ನಮ್ಮನ್ನು ಅವಲಂಬಿಸದೆ, ಕಾಡಾನೆಯಂತೆ ನಮ್ಮಿಂದ ದೂರವೂ ನಿಲ್ಲದೆ, ನಮ್ಮ ಗೋಡೆಗೆ ಬೆನ್ನು ತಾಗಿಸಿಕೊಂಡು ಸ್ವತಂತ್ರವಾಗಿ ಬದುಕುವ ಈ ಜೀವಿಗಳ ಬಗೆಗೆ ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನಗಳ ಅಪೇಕ್ಷೆ.

ನಾನಿರುವುದು ಬೆಂಗಳೂರಿನ ಮೂಡಣ ಅಂಚಿನಲ್ಲಿ. ಹಲಸೂರಿನಿಂದ ಹೊರಟು, ಇಂದಿರಾನಗರದ ಬಗಲಲ್ಲಿ ಹಾದು, ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆಯತ್ತ ಸಾಗುವ ಹಳೆಯ ಮದರಾಸು ರಸ್ತೆ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ಆ ರಸ್ತೆಯನ್ನು ಬಿಟ್ಟು ಒಳಕ್ಕೆ ತಿರುಗಿದರೆ ಇನ್ನೂ ಹಳ್ಳಿಯ ಹೆಸರನ್ನೇ ಉಳಿಸಿಕೊಂಡಿರುವ ಬಡಾವಣೆಗಳು ಹಲವಿವೆ, ಅವುಗಳಲ್ಲೊಂದು ನಮ್ಮದು. ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ. ಕೃಷ್ಣರಾಜಪುರದ ನಗರಸಭೆ 2007ರಲ್ಲಿ ಮಹಾನಗರ ಪಾಲಿಕೆಯೊಳಕ್ಕೆ ಸೇರಿತು. 2023ರಲ್ಲಿ ಮೆಟ್ರೋ ರೈಲು ಬಂದಿತು. ಈ ಎರಡು ತಾರೀಖುಗಳ ನಡುವೆ ನಮ್ಮ ಸುತ್ತಿನ ರಾಗಿಯ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ನಾಲ್ಕಂತಸ್ತಿನ ಮನೆಗಳಾದವು. ನಮ್ಮ ಮನೆ ಮಾತ್ರ ತಂದೆಯವರು ಕಟ್ಟಿಸಿದ ಹೆಂಚಿನ ಮನೆಯಾಗಿಯೇ ಉಳಿದಿದೆ. ಹಿಂದೆ ಹತ್ತು ಗುಂಟೆಯ ಹಿತ್ತಲು, ಸುತ್ತಲೂ ನಿಲ್ಲಿಸಿದ ಕಲ್ಲುಚಪ್ಪಡಿಗಳ ಬೇಲಿ, ಒಳಗೆ ಎರಡು ತೆಂಗು, ಒಂದು ಹಲಸು, ಸೀಬೆ, ಪರಂಗಿ, ನುಗ್ಗೆ, ಒಂದು ಸಾಲು ಬಾಳೆ, ನೀರು ಬತ್ತಿದ ಬಾವಿ, ದನಗಳಿಲ್ಲದ ಕೊಟ್ಟಿಗೆ. ಬೇಲಿಯ ಆಚೆಗಿನ ಖಾಲಿ ಸೈಟಿನಲ್ಲಿ ಒಂದು ಮುದಿ ನೇರಳೆಮರ. ಅದರ ಕೊಂಬೆಗಳು ಕಾನೂನಿಗೆ ಸೊಪ್ಪು ಹಾಕದೆ ನಮ್ಮ ಕಡೆಗೇ ಬಾಗಿವೆ.

ಹಿತ್ತಲು ಹಳ್ಳಿಗರ ಸ್ವತ್ತು ಮಾತ್ರವೇ ಎಂದು ಕೇಳಿದರೆ, ಹಾಗೇನೂ ಇರಲಿಲ್ಲ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದ ಮೇಲೆ ಅಲ್ಲಿ ಎದ್ದ ಬಂಗಲೆಗಳಿಗೆ, ಮನೆಯೇ ಕಾಣದಷ್ಟು ದೊಡ್ಡ ಕಾಂಪೌಂಡು ಇರುತ್ತಿದ್ದಿತು. 1896ರಲ್ಲಿ ಹುಸಾರ್ ದಳದೊಡನೆ ಆ ದಂಡಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ತನ್ನ ಬಂಗಲೆಯ ತೋಟದಲ್ಲಿ ಚಿಟ್ಟೆಗಳನ್ನು ಹಿಡಿದು ಸಂಗ್ರಹಿಸುತ್ತಿದ್ದ. ಒಂದು ದಿನ ಇಲಿಯೊಂದು ಆ ಸಂಗ್ರಹವನ್ನೆಲ್ಲ ತಿಂದುಹಾಕಿತು. ಈ ದುಃಖವನ್ನು ಅವನು ತಮ್ಮನಿಗೆ ಪತ್ರ ಬರೆದು ತೋಡಿಕೊಂಡ. ಸಾಮ್ರಾಜ್ಯಶಾಹಿಗೆ ಬೆಂಗಳೂರಿನ ಹಿತ್ತಲು ಕೊಟ್ಟ ಮೊದಲ ಉತ್ತರ ಆ ಇಲಿಯದೇ ಇದ್ದೀತೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆ ಕಾಂಪೌಂಡುಗಳಲ್ಲಿ ಹೆಚ್ಚಿನವು ಈಗ ಇಲ್ಲ. ದಂಡಿನ ಕಡೆ ಸೈನ್ಯದ ಜಮೀನು, ಇಗರ್ಜಿಗಳ ಅಂಗಳ, ಗೋರಿಗಳ ತೋಟ, ಇವು ಉಳಿಸಿಕೊಂಡಷ್ಟೇ ನೆರಳು. ಶಿವಾಜಿನಗರದ ಮಾರುಕಟ್ಟೆಯ ಮೇಲೆ ಸಂಜೆಗೆ ಸುತ್ತುವ ಹದ್ದುಗಳಿಗೆ ಮಾತ್ರ ಯಾವ ಕಾಲದಲ್ಲಿಯೂ ಕೊರತೆಯಾದಂತಿಲ್ಲ.

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನನಗೆ ದೊರೆತ ಬಹುದೊಡ್ಡ ಸಂಪತ್ತೆಂದರೆ ಬೆಳಗಿನ ಒಂಬತ್ತು ಗಂಟೆ. ಊರಿನವರೆಲ್ಲ ಬಸ್ಸಿಗೂ ಮೆಟ್ರೋಗೂ ಓಡುವ ಆ ಹೊತ್ತಿನಲ್ಲಿ ನಾನು ಹಿತ್ತಲ ಜಗಲಿಯಲ್ಲಿ ಕುಳಿತಿರುತ್ತೇನೆ. ಹಿತ್ತಲಿಗೂ ಒಂದು ವೇಳಾಪಟ್ಟಿಯುಂಟು. ಬಿಸಿಲು ಬೇಲಿಯ ಬುಡಕ್ಕೆ ಇಳಿದ ಮೇಲೆ ಮುಂಗುಸಿ ಬರುತ್ತದೆ. ಮೂಗನ್ನು ನೆಲಕ್ಕೆ ಹಚ್ಚಿ, ಲೆಕ್ಕ ಪರಿಶೋಧಕನಂತೆ ಒಂದೊಂದು ಸಂದನ್ನೂ ವಿಚಾರಿಸಿಕೊಂಡು, ಕೊಟ್ಟಿಗೆಯ ಮೂಲೆಯಲ್ಲಿ ಎರಡು ಕಾಲಿನ ಮೇಲೆ ನಿಂತು ನನ್ನನ್ನು ನೋಡಿ, ಅಲಕ್ಷ್ಯದಿಂದ ಮುಂದೆ ಹೋಗುತ್ತದೆ. ಅದು ಬರುವುದಕ್ಕೆ ಎರಡು ನಿಮಿಷ ಮೊದಲೇ ಹಲಸಿನ ಮೇಲಿನ ಅಳಿಲು ಡಂಗುರ ಸಾರಿರುತ್ತದೆ. ಅಳಿಲಿನ ಕೂಗಿನಲ್ಲಿಯೂ ಭೇದಗಳಿವೆಯೆಂಬುದು ಕೆಲವು ತಿಂಗಳು ಕೇಳಿದ ಮೇಲೆ ತಿಳಿಯುತ್ತದೆ: ಬೆಕ್ಕಿಗೆ ಒಂದು ಧಾಟಿ, ಆಕಾಶದ ಗಿಡುಗನಿಗೆ ಇನ್ನೊಂದು. ಸಂಜೆ ತೆಂಗಿನ ಪೊಟರೆಯಿಂದ ಹಾಲಕ್ಕಿಯ ಜೋಡಿ ಇಣುಕುತ್ತದೆ. ಅದರ ಕಚಪಿಚಕ್ಕೆ ಶುಭವನ್ನೋ ಅಶುಭವನ್ನೋ ಹಚ್ಚುವ ಕೆಲಸವನ್ನು ಬಲ್ಲವರಿಗೇ ಬಿಟ್ಟಿದ್ದೇನೆ. ಮಬ್ಬುಗತ್ತಲಾದೊಡನೆ ಬಾವಲಿಗಳು ಸೀಬೆಗೆ ಬರುತ್ತವೆ. ಅಲ್ಲಿಂದ ಮುಂದೆ ನನ್ನ ಕಣ್ಣಿನ ಅಧಿಕಾರ ಮುಗಿಯುತ್ತದೆ. ಆದರೆ ಹಿತ್ತಲಿನ ನಿಜವಾದ ವ್ಯಾಪಾರ ಆರಂಭವಾಗುವುದು ಆಗಲೇ.

ಕತ್ತಲೆಯಲ್ಲಿ ಮೃಗವನ್ನು ಚಿತ್ರಿಸಬೇಕೆಂಬ ಆಸೆ ಹೊಸದಲ್ಲ. ಅಮೆರಿಕದ ಜಾರ್ಜ್ ಶಿರಾಸ್ ಎಂಬಾತ ಸರೋವರದ ದಡದಲ್ಲಿ ದೋಣಿಯಲ್ಲಿ ಕುಳಿತು, ಮದ್ದಿನ ಪುಡಿಯನ್ನು ಹೊತ್ತಿಸಿ ಆ ಬೆಳಕಿನಲ್ಲಿ ಜಿಂಕೆಗಳ ಚಿತ್ರಗಳನ್ನು ತೆಗೆದ. 1906ರಲ್ಲಿ ಅವು ಪ್ರಕಟವಾದಾಗ ಜನ ಬೆರಗಾದರು. ನಮ್ಮ ದೇಶದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಕಾಡಿನ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯೇ ಅದನ್ನು ತುಳಿದು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ. ಆ ಚಿತ್ರಗಳ ಪುಸ್ತಕ 1927ರಲ್ಲಿ ಹೊರಬಂದಿತು. ಜತೆಯ ಅಧಿಕಾರಿಗಳು ಕೋವಿಯಿಂದ ಹುಲಿಯನ್ನು ಕೆಡವುತ್ತಿದ್ದ ಕಾಲದಲ್ಲಿ ಅವನು ಹಿಡಿದದ್ದು ಕ್ಯಾಮರಾ. ಇದೇ ತಂತ್ರ ಬೆಳೆದು ನಮ್ಮ ನಾಡಿನಲ್ಲಿ ವಿಜ್ಞಾನದ ಸಾಧನವಾಯಿತು. ಒಂದು ಹುಲಿಯ ಪಟ್ಟೆಗಳು ಇನ್ನೊಂದರ ಪಟ್ಟೆಗಳನ್ನು ಹೋಲುವುದಿಲ್ಲವೆಂಬ ಸಂಗತಿಯನ್ನು ಆಧರಿಸಿ, ಕ್ಯಾಮರಾಗಳ ಚಿತ್ರದಿಂದಲೇ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ರೂಪಿಸಿ 1995ರಲ್ಲಿ ಪ್ರಕಟಿಸಿದರು.

ಬೆಂಗಳೂರಿನಲ್ಲಿಯೇ ಹುಟ್ಟಿದ ಟಿ. ಎನ್. ಎ. ಪೆರುಮಾಳರ ಹೆಸರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 2017ರಲ್ಲಿ ತೀರಿಕೊಂಡ ಅವರು ಈ ನಗರದ ಎರಡು ತಲೆಮಾರಿನ ಛಾಯಾಗ್ರಾಹಕರಿಗೆ ಗುರುಸ್ಥಾನದಲ್ಲಿದ್ದವರು. ಆದರೂ ಹಿತ್ತಲಿನ ಮಟ್ಟಿಗೆ ನನ್ನ ಮಾನಸಗುರುಗಳು ಇಬ್ಬರು ಬೇರೆ. ಒಬ್ಬರು ಮದರಾಸಿನ ಎಂ. ಕೃಷ್ಣನ್. ಯೌವನದ ಕೆಲವು ವರ್ಷಗಳನ್ನು ನಮ್ಮ ಸಂಡೂರಿನಲ್ಲಿ ಕಳೆದ ಈತ 1950ರಿಂದ 1996ರಲ್ಲಿ ಸಾಯುವವರೆಗೆ ಇಂಗ್ಲಿಷ್ ಪತ್ರಿಕೆಯೊಂದರ ಅಂಕಣದಲ್ಲಿ ಆನೆಯ ಬಗೆಗೆ ಬರೆದಷ್ಟೇ ಶ್ರದ್ಧೆಯಿಂದ ಕಾಗೆ, ಅಳಿಲು, ಹಲ್ಲಿಗಳ ಬಗೆಗೂ ಬರೆದರು. ಇನ್ನೊಬ್ಬರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತಮ್ಮ ತೋಟವನ್ನು ಬಿಟ್ಟು ಎಲ್ಲಿಗೂ ಹೋಗದೆಯೇ ಹಕ್ಕಿಗಳ ಎಷ್ಟೊಂದು ಚಿತ್ರಗಳನ್ನು ತೆಗೆದರೆಂಬುದು ಕನ್ನಡದ ಓದುಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅವರು ತೋರಿಸಿಕೊಟ್ಟ ಗುಟ್ಟು ಸರಳವಾದುದು: ಮೃಗದ ಬೆನ್ನು ಹತ್ತುವವನಿಗಿಂತ ಇದ್ದಲ್ಲಿಯೇ ಇರುವವನಿಗೆ ಹೆಚ್ಚು ಕಾಣುತ್ತದೆ.

ಎದುರುಮನೆಯ ಹುಡುಗ, ಎಂಜಿನಿಯರಿಂಗ್ ಓದುವವನು, ನನಗೆ ಒಂದು ಕ್ಯಾಮರಾ ಟ್ರ್ಯಾಪ್ ತರಿಸಿಕೊಟ್ಟ. ಇಟ್ಟಿಗೆಯ ಗಾತ್ರದ ಹಸಿರು ಡಬ್ಬಿ. ಎದುರಿಗೆ ಬರುವ ಪ್ರಾಣಿಯ ಮೈಯ ಕಾವು ಸುತ್ತಿನ ಕಾವಿಗಿಂತ ಬೇರೆಯಾಗಿದ್ದು, ಅದು ಚಲಿಸಿದರೆ ಸಾಕು, ಡಬ್ಬಿ ಎಚ್ಚರಗೊಳ್ಳುತ್ತದೆ. ಕಣ್ಣಿಗೆ ಕಾಣದ ಅತಿಕೆಂಪು ಬೆಳಕನ್ನು ಚೆಲ್ಲಿ ಕಪ್ಪು ಬಿಳುಪಿನ ಚಿತ್ರವನ್ನು ಹಿಡಿಯುತ್ತದೆ. ಶಿರಾಸನ ಮದ್ದಿನಂತೆ ಸಿಡಿಯುವುದಿಲ್ಲ, ಕಣ್ಣು ಕುಕ್ಕುವುದಿಲ್ಲ. ನೇರಳೆಯ ಕೊಂಬೆ ಬಾಗಿರುವ ಕಡೆ, ಬೇಲಿಗೆ ಎದುರಾಗಿ, ಮೊಳಕಾಲೆತ್ತರದಲ್ಲಿ ಅದನ್ನು ಕಟ್ಟಿದೆವು.

ಮೊದಲ ಇಪ್ಪತ್ತು ದಿನಗಳ ಫಲವನ್ನು ಹೇಳುತ್ತೇನೆ. ಹೆಗ್ಗಣ, ಮತ್ತೆ ಹೆಗ್ಗಣ, ಹಿಂದಿನ ಬೀದಿಯ ಗಂಡುಬೆಕ್ಕು, ಬಿಸಿಲಿಗೆ ಕಾದು ಗಾಳಿಗೆ ಅಲುಗಿದ ಬಾಳೆಯೆಲೆಯ ಇನ್ನೂರ ಹನ್ನೊಂದು ಭಾವಚಿತ್ರಗಳು, ಮತ್ತು ಬೆಳಗಿನ ಜಾವ ದೇವರಿಗೆ ಹೂ ಕೊಯ್ಯಲು ಬಂದ, ತಲೆಗೆ ಟವಲು ಸುತ್ತಿಕೊಂಡ ನನ್ನ ಹೆಂಡತಿ. ತನ್ನ ಚಿತ್ರವನ್ನು ಕಂಡು ಅವಳು ಗಂಭೀರವಾಗಿ, "ನನ್ನನ್ನು ಕೇಳದೆ ತೆಗೆದದ್ದನ್ನು ಯಾರಿಗೂ ತೋರಿಸಕೂಡದು ಕಣ್ರೀ," ಎಂದಳು. ನಾನು ನಕ್ಕೆ. ಆ ಮಾತಿನ ತೂಕ ತಿಳಿಯುವ ಸಂದರ್ಭ ಆಗಿನ್ನೂ ಬಂದಿರಲಿಲ್ಲ.

ಇಪ್ಪತ್ತೊಂದನೆಯ ರಾತ್ರಿ, ಎರಡು ಗಂಟೆ ಹದಿನೇಳು ನಿಮಿಷಕ್ಕೆ, ಕಲ್ಲುಚಪ್ಪಡಿಯ ನೆತ್ತಿಯ ಮೇಲೆ ಒಂದು ಪ್ರಾಣಿ ನಡೆದುಹೋಗಿತ್ತು. ಬೆಕ್ಕಿಗಿಂತ ಉದ್ದನೆಯ ಮೈ, ಗಿಡ್ಡ ಕಾಲು, ಮೈಯಷ್ಟೇ ಉದ್ದದ ಬಾಲ. ಮುಖಕ್ಕೆ ಕಪ್ಪು ಮುಖವಾಡ, ಕಣ್ಣಿನ ಕೆಳಗೆ ಬಿಳಿಯ ಮಚ್ಚೆ. ಕಣ್ಣುಗಳೆರಡೂ ಹಣತೆಗಳಂತೆ ಹೊಳೆಯುತ್ತಿದ್ದವು. ಕಬ್ಬೆಕ್ಕು! ಹೆಸರಿನಲ್ಲಿ ಬೆಕ್ಕಿದ್ದರೂ ಇದು ಬೆಕ್ಕಿನ ಕುಲದ್ದಲ್ಲ. ಪುನುಗಿನ ಬೆಕ್ಕಿನ ದಾಯಾದಿ. ಇದರ ಮೈಯಿಂದ ಸೂಸುವ ಪರಿಮಳಕ್ಕೆ ಮೆಚ್ಚಿ ಬಂಗಾಳಿಗಳು ಇದನ್ನು ಗಂಧಗೋಕುಲವೆಂದು ಕರೆಯುತ್ತಾರೆ. ಹಗಲೆಲ್ಲ ಪೊಟರೆಯಲ್ಲೋ ಅಟ್ಟದಲ್ಲೋ ಮಲಗಿ, ರಾತ್ರಿ ಹಣ್ಣು, ಹುಳು, ಇಲಿ ಏನು ಸಿಕ್ಕಿದರೂ ತಿಂದು ಜೀವಿಸುವ ಸಂಕೋಚದ ಪ್ರಾಣಿ. ಈಚಲುಮರದ ಮಡಕೆಯ ಹೆಂಡಕ್ಕೂ ಬಾಯಿ ಹಾಕುತ್ತದೆಯೆಂದು ಅದಕ್ಕೊಂದು ಅಪಖ್ಯಾತಿಯುಂಟು. ನಮ್ಮ ಹೆಂಚಿನ ಮೇಲೆ ಮಳೆಗಾಲಕ್ಕೆ ಮುಂಚೆ ಕೇಳಿಬರುತ್ತಿದ್ದ ಹೆಜ್ಜೆಯ ಸದ್ದಿಗೆ ನಮ್ಮ ತಾಯಿ ಯಾವುದೋ ಬ್ರಹ್ಮರಾಕ್ಷಸನ ಹೆಸರು ಹೇಳುತ್ತಿದ್ದರು. ಐವತ್ತು ವರ್ಷಗಳ ಮೇಲೆ ಆ ಬ್ರಹ್ಮರಾಕ್ಷಸನ ಭಾವಚಿತ್ರ ಸಿಕ್ಕಿತ್ತು.

ಅನಂತರದ ನಾಲ್ಕು ವಾರ ನಾನು ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಕಬ್ಬೆಕ್ಕು ಹನ್ನೊಂದರ ಮೇಲೆ ಹೊರಡುತ್ತದೆ. ಕೊಟ್ಟಿಗೆಯ ಅಟ್ಟದಿಂದ ಬೇಲಿಗೆ, ಬೇಲಿಯಿಂದ ನೇರಳೆಗೆ, ನೇರಳೆಯಿಂದ ಹಿಂದಿನ ಬೀದಿಯ ತಾರಸಿಗೆ. ನೆಲಕ್ಕೆ ಇಳಿಯುವುದು ಅಪರೂಪ, ನೆಲ ನಾಯಿಗಳದು. ನಾವು ಬೀದಿ, ಅಡ್ಡರಸ್ತೆ ಎಂದು ನಕ್ಷೆ ಬರೆದುಕೊಂಡಿರುವ ಬಡಾವಣೆಯಲ್ಲಿ ಅದು ಕೊಂಬೆ, ಗೋಡೆ, ಕೇಬಲ್ಲುಗಳ ಇನ್ನೊಂದು ನಕ್ಷೆಯನ್ನು ಬಾಯಿಪಾಠ ಮಾಡಿಕೊಂಡಿದೆ. ಬೇಲಿಯ ಮೇಲೆ ಅದು ಬಿಟ್ಟುಹೋಗುವ ಹಿಕ್ಕೆಯ ತುಂಬ ನೇರಳೆಯ ಬೀಜಗಳು, ತೊಳೆದಿಟ್ಟಷ್ಟು ಚೊಕ್ಕಟ. ಕೊಡಗಿನಲ್ಲಿ ಇದೇ ಪ್ರಾಣಿ ಕಾಫಿಯ ಹಣ್ಣು ತಿಂದು ಬಿಟ್ಟ ಬೀಜವನ್ನು ಹುರಿದು ದುಬಾರಿ ಬೆಲೆಗೆ ಮಾರುತ್ತಾರೆ. ನಮ್ಮಲ್ಲಿ ಅದು ಮಾಡಿದ ಬಿತ್ತನೆ ಬೇಲಿಯ ಬುಡದಲ್ಲಿ ಮೊಳೆತದ್ದನ್ನು ಕಂಡೆ. ಒಂದು ರಾತ್ರಿಯ ಚಿತ್ರದಲ್ಲಿ ತಾಯಿಯ ಹಿಂದೆ ಮೂರು ಮರಿಗಳಿದ್ದವು. ಮೊದಲನೆಯದು ಧೈರ್ಯವಾಗಿ ಚಪ್ಪಡಿಯ ಮೇಲೆ. ಎರಡನೆಯದು ಅದರ ಬಾಲಕ್ಕೆ ಮೂಗು ತಾಗಿಸಿ. ಮೂರನೆಯದು ಅಟ್ಟದ ಅಂಚಿನಲ್ಲಿ, ಇಳಿಯಲೋ ಬೇಡವೋ ಎಂದು ಮುಂಗಾಲೊಂದನ್ನು ಗಾಳಿಯಲ್ಲಿ ಚಾಚಿಕೊಂಡು. ನನ್ನ ಜೀವಮಾನದಲ್ಲಿ ನಾನು ತೆಗೆದ, ಅಥವಾ ನನ್ನ ಹಿತ್ತಲು ತೆಗೆದ, ಚಿತ್ರಗಳಲ್ಲೆಲ್ಲ ಉತ್ತಮವಾದುದು ಅದು.

ಉತ್ತಮವಾದುದನ್ನು ನಾಲ್ಕು ಜನಕ್ಕೆ ತೋರಿಸಬೇಕೆನ್ನಿಸುವುದು ಮನುಷ್ಯಸಹಜ. ಹುಡುಗ ಅದನ್ನು ತನ್ನ ಫೋನಿಗೆ ಹಾಕಿಕೊಂಡ, ಗೆಳೆಯರಿಗೆ ಕಳಿಸಿದ, ಗೆಳೆಯರು ಅವರ ಗೆಳೆಯರಿಗೆ ಕಳಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಹಳ ವಿನಯದಿಂದಲೇ ಮಾತನಾಡಿದರು.

"ಸ್ವಾಮಿ, ತಮ್ಮಲ್ಲಿ ಪುನುಗಿನ ಬೆಕ್ಕು ಮರಿ ಹಾಕಿದೆಯಂತೆ."

ತಿರುಪತಿಯ ಸ್ವಾಮಿಯ ಸೇವೆಗೆ ಪುನುಗು ಸಲ್ಲುವ ವಿಷಯ, ಆಯುರ್ವೇದದ ಪಂಡಿತರೊಬ್ಬರ ವಿಷಯ, ಒಂದೊಂದು ಪ್ರಾಣಿಗೆ ಸಿಗಬಹುದಾದ ಹಣದ ವಿಷಯ ಕ್ರಮವಾಗಿ ಬಂದವು. ಇದು ಪುನುಗಿನ ಬೆಕ್ಕಲ್ಲ, ಕಬ್ಬೆಕ್ಕೆಂದೂ, ಯಾವುದೇ ಆಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹಿಡಿಯುವುದು ಅಪರಾಧವೆಂದೂ ಹೇಳಿದೆ. ಅವರಲ್ಲೊಬ್ಬ ತಲೆಯಾಡಿಸುತ್ತಲೇ ನನ್ನ ಹೆಗಲ ಮೇಲಿಂದ ಕೊಟ್ಟಿಗೆಯ ಮಾಡನ್ನು ಅಳೆಯುತ್ತಿದ್ದ. "ಆದರೂ ಎಲ್ಲಿದೆ ಸ್ವಾಮಿ, ಒಂದು ಸಲ ನೋಡಿಕೊಂಡು ಹೋಗುತ್ತೇವೆ." ತಾಯಿ ಮರಿಗಳನ್ನು ಕಚ್ಚಿಕೊಂಡು ಹೋಗಿ ಮೂರು ದಿನವಾಯಿತೆಂದು ನಾನು ಸ್ಪಷ್ಟವಾಗಿ ಸುಳ್ಳು ಹೇಳಿದೆ. ಇಂಥದೊಂದು ಮಾತಿಗೇ ಧರ್ಮರಾಯನ ರಥ ನೆಲಕ್ಕೆ ತಾಗಿತಂತೆ. ನನಗೆ ರಥವಿಲ್ಲವಾದುದರಿಂದ ಆ ಭಯವಿರಲಿಲ್ಲ. ಅಂದಿನಿಂದ ಹದಿನೈದು ರಾತ್ರಿ ಕೊಟ್ಟಿಗೆಯ ದೀಪ ಉರಿಯಿತು. ಹುಡುಗ ನಮ್ಮ ಜಗಲಿಯಲ್ಲಿಯೇ ಮಲಗಿದ. ಅವನಿಗಾದ ಸಂಕಟವನ್ನು ಇಲ್ಲಿ ವರ್ಣಿಸುವುದಿಲ್ಲ. ಫೋನಿನಲ್ಲಿ ತೆಗೆದ ಚಿತ್ರದೊಳಗೆ, ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಗಿ ಕುಳಿತಿರಬಲ್ಲವೆಂಬ ಸಂಗತಿಯನ್ನು ನನಗೆ ಕಲಿಸಿಕೊಟ್ಟವನೂ ಅವನೇ.

ಇದು ನಮ್ಮ ಹಿತ್ತಲೊಂದರ ಕಥೆಯಲ್ಲ. ನಗರದ ಇನ್ನೊಂದು ಬದಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಮೇಲೆ ಕಾಡುಪಾಪಗಳಿವೆ: ಅಂಗೈಯಲ್ಲಿ ಹಿಡಿಯಬಹುದಾದ ಮೈ, ಮುಖದ ತುಂಬ ಕಣ್ಣು. ಆ ಕಣ್ಣುಗಳನ್ನು ಮದ್ದಿಗೂ ಮಾಟಕ್ಕೂ ಬಳಸುವ ಮೂಢನಂಬಿಕೆಯಿಂದ ಅವುಗಳಿಗೆ ಅಪಾಯ ತಪ್ಪಿದ್ದಲ್ಲ. ಸಂಶೋಧಕಿ ಕಾಬೇರಿ ಕರ್ ಗುಪ್ತ ಅವರ ಮುಂದಾಳುತನದಲ್ಲಿ ನಗರದ ಕಾಡುಪಾಪಗಳನ್ನು ಹುಡುಕಿ ಲೆಕ್ಕವಿಟ್ಟ ಸಾಮಾನ್ಯ ನಾಗರಿಕರು ದೀಪಕ್ಕೆ ಕೆಂಪು ಹಾಳೆ ಹೊದಿಸಿಕೊಂಡು ನಡೆದರು, ಆ ಕಣ್ಣುಗಳಿಗೆ ನೋವಾಗಬಾರದೆಂದು. ಕಣ್ಣಿಗೆ ತೋರುವ ಈ ಮರ್ಯಾದೆ ವಿಳಾಸಕ್ಕೂ ಸಲ್ಲಬೇಕಾದುದು.

ನೋಡುವ ಆತುರ ಏನು ಮಾಡಬಲ್ಲದೆಂಬುದನ್ನು ಬೆಂಗಳೂರಿನ ಪೂರ್ವಭಾಗ ಒಮ್ಮೆ ಕಣ್ಣಾರೆ ಕಂಡಿದೆ. 2016ರ ಫೆಬ್ರವರಿ 7ರ ಭಾನುವಾರ, ಕುಂದಲಹಳ್ಳಿಯ ಶಾಲೆಯೊಂದರ ಕಾವಲು ಕ್ಯಾಮರಾದಲ್ಲಿ ಚಿರತೆಯೊಂದು ಮೂಡಿತು. ರಜೆಯ ದಿನವಾದ್ದರಿಂದ ಮಕ್ಕಳಿರಲಿಲ್ಲ. ಆದರೆ ಜನ ನೆರೆದರು, ಟೆಲಿವಿಷನ್ನಿನವರು ನೆರೆದರು, ಹಗಲೆಲ್ಲ ಗದ್ದಲ. ಹೆದರಿದ ಚಿರತೆ ಹೊರಬಿದ್ದಾಗ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರೂ ಸೇರಿ ಹಲವರು ಗಾಯಗೊಂಡರು. ಅರಿವಳಿಕೆ ಕೊಟ್ಟು ಬನ್ನೇರುಘಟ್ಟಕ್ಕೆ ಸಾಗಿಸಿದರು. ಒಂದು ವಾರದಲ್ಲಿ ಅದು ಅಲ್ಲಿಂದಲೂ ತಪ್ಪಿಸಿಕೊಂಡಿತು. ಕತ್ತಲಾಗುವವರೆಗೆ ಅದಕ್ಕೆ ದಾರಿ ಬಿಟ್ಟು ಜನ ದೂರ ಸರಿದಿದ್ದರೆ ಬಹುಶಃ ಅದು ಬಂದ ಹಾಗೆಯೇ ಹೋಗುತ್ತಿತ್ತೆಂಬುದು ನನ್ನ ಅಭಿಪ್ರಾಯ.

ಈಗ ನಮ್ಮ ಮುಂದೆ ಬೇರೆಯ 'ಧರ್ಮಸಂಕಟ'ವಿದೆ. ಪಕ್ಕದ ಸೈಟು ಮಾರಾಟವಾಗಿದೆ. ನೇರಳೆಯ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ಒಂದು ಗುರುತು ಬಿದ್ದಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಕೊಡಬೇಡಿರೆಂದು ಮನವಿ ಬರೆಯಲು ಕುಳಿತೆ. ಮರ ಮುದಿಯಾದುದು, ಹಣ್ಣು ಬಿಡುತ್ತದೆ, ನೆರಳು ಕೊಡುತ್ತದೆ ಎಂಬುದನ್ನೆಲ್ಲ ಪ್ರತಿಯೊಂದು ಮನವಿಯೂ ಹೇಳುತ್ತದೆ. ನನ್ನ ಕೈಯಲ್ಲಿರುವ ಬಲವಾದ ಸಾಕ್ಷಿಯೆಂದರೆ ಆ ಮೂರು ಮರಿಗಳ ಚಿತ್ರ. ಆ ಮರ ಹೋದರೆ ಕೊಟ್ಟಿಗೆಯಿಂದ ಹಿಂದಿನ ಬೀದಿಗೆ ಮೇಲಿನ ದಾರಿಯೇ ಇಲ್ಲ, ಕಬ್ಬೆಕ್ಕು ನೆಲಕ್ಕಿಳಿಯಬೇಕು. ಆದರೆ ಆ ಚಿತ್ರವನ್ನು ಲಗತ್ತಿಸಿದರೆ ಅದು ಕಡತವಾಗುತ್ತದೆ. ಕಡತಕ್ಕೆ ಸರ್ವೆ ನಂಬರಿರುತ್ತದೆ. ಕಡತವನ್ನು ಕೇಳಿದವರಿಗೆಲ್ಲ ನೋಡುವ ಹಕ್ಕಿರುತ್ತದೆ. ಎರಡು ದಿನ ಕಾಗದ ಮೇಜಿನ ಮೇಲೆಯೇ ಇದ್ದಿತು.

"ಮರಿಗಳದ್ದು ಬೇಡ," ಎಂದಳು ನನ್ನ ಹೆಂಡತಿ. "ಬೇಲಿಯ ಬುಡದ ಸಸಿಗಳ ಫೋಟೋ ಕಳಿಸಿ. ಮರ ಇನ್ನೂ ಫಲವಂತವಾಗಿದೆ ಎಂದು ಬರೆಯಿರಿ. ಬಿತ್ತಿದವರು ಯಾರು ಅಂತ ಅವರೇನೂ ಕೇಳುವುದಿಲ್ಲ."

ಹಾಗೆಯೇ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಸಸಿಗಳು ಏಳು; ಅವುಗಳಲ್ಲಿ ಎರಡನ್ನು ಅವಳು ಎಣ್ಣೆಯ ಡಬ್ಬಗಳಿಗೆ ಬದಲಿಸಿ ನಮ್ಮ ಬೇಲಿಯ ಈಚೆಗೆ, ಕೊಟ್ಟಿಗೆಗೆ ಹತ್ತಿರವಾಗಿ ಇಟ್ಟಿದ್ದಾಳೆ. ನೇರಳೆ ಕೊಂಬೆ ಚಾಚಲು ಎಷ್ಟು ವರ್ಷ ಬೇಕೆಂದು ಎದುರುಮನೆಯ ಹುಡುಗ ಕೇಳಿದ. ನಿನ್ನೆ ರಾತ್ರಿಯ ಚಿತ್ರಗಳು ಹದಿನಾಲ್ಕು: ಹೆಗ್ಗಣ ಒಂಬತ್ತು, ಗಂಡುಬೆಕ್ಕು ಮೂರು, ಚಪ್ಪಡಿಯ ಅಂಚಿನಲ್ಲಿ ಬಾಲದ ತುದಿಯೊಂದೇ ಸಿಕ್ಕಿದ್ದು ಎರಡು.